ಸುಂಕದ ಕಟ್ಟೆಗೆ ಬಿದ್ದ ಬೆಳಕು

ರೋಮ್ ನಗರದ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಎಂಬ ಚರ್ಚಿನ ಎಡಮಗ್ಗುಲಿನಲ್ಲಿರುವ ಕಾಂತರೆಲ್ಲಿ ಕಿರುಮಂದಿರಕ್ಕಾಗಿ ಚಿತ್ರಕಾರ ಕರವಾಜ್ಜೊ 1599–1600ರಲ್ಲಿ ಬರೆದ ‘ಸಂತ ಮತ್ತಾಯನ ಕರೆ’ ಎಂಬ ಚಿತ್ರದಲ್ಲಿ ದೊಡ್ಡದೊಂದು ಕಿಟಕಿಯುಂಟು. ಆದರೆ ಆ ಕಿಟಕಿಯಿಂದ ಒಂದು ಕಿರಣವೂ ಒಳಕ್ಕೆ ಬರುವುದಿಲ್ಲ. ಬೆಳಕು ಬರುವುದು ಬಲಗಡೆಯಿಂದ, ಚಿತ್ರದ ಚೌಕಟ್ಟಿನಾಚೆಯ ಯಾವುದೋ ಎತ್ತರದಿಂದ. ಎಡಗೋಡೆಯ ಈ ಪಟಕ್ಕೆ ಬಲದಲ್ಲಿರುವುದು ಮಂದಿರದ ಪೂಜಾವೇದಿಕೆ, ಅದರ ಮೇಲ್ಗಡೆಯಲ್ಲಿ ನಿಜವಾದ ಗವಾಕ್ಷ. ಹೀಗಾಗಿ ಬಣ್ಣದ ಬೆಳಕೂ ಬಾನಿನ ಬೆಳಕೂ ಒಂದೇ ದಿಕ್ಕಿನಿಂದ ಇಳಿದಂತೆ ಭಾಸವಾಗುತ್ತದೆ.

ಸುಂಕದ ಕಟ್ಟೆಯಲ್ಲಿದ್ದ ಮತ್ತಾಯನನ್ನು ಕ್ರಿಸ್ತನು ತನ್ನ ಶಿಷ್ಯನಾಗಲು ಕರೆದ ಗಳಿಗೆಯಿದು. ಮೇಜಿನ ಸುತ್ತ ಐವರಿದ್ದಾರೆ. ಅವರ ಉಡುಪು ಬೈಬಲಿನ ಕಾಲದ್ದಲ್ಲ, ಚಿತ್ರಕಾರನ ಕಾಲದ್ದು: ಗರಿ ಸಿಕ್ಕಿಸಿದ ಟೋಪಿ, ಸೊಂಟದಲ್ಲಿ ಕತ್ತಿ. ಕನ್ನಡಕವೇರಿಸಿದ ಮುದುಕನೊಬ್ಬನು ಬಾಗಿ ನಾಣ್ಯಗಳನ್ನು ಪರೀಕ್ಷಿಸುತ್ತಿದ್ದಾನೆ. ಅವನಿಗೆ ಕ್ರಿಸ್ತನು ಬಂದುದೇ ತಿಳಿದಿಲ್ಲ. ಆ ಕ್ರಿಸ್ತನಾದರೋ ಶಿಷ್ಯ ಪೇತ್ರನ ಮರೆಯಲ್ಲಿ, ಬಹುಮಟ್ಟಿಗೆ ನೆರಳಿನಲ್ಲಿಯೇ ನಿಂತಿದ್ದಾನೆ. ತಲೆಯ ಮೇಲೊಂದು ತೆಳುವಾದ ಪ್ರಭಾರೇಖೆ, ಮುಖದ ಒಂದು ಪಾರ್ಶ್ವ, ಮುಂಚಾಚಿದ ಒಂದು ಕೈ, ಇಷ್ಟೇ ನಮಗೆ ಸ್ಪಷ್ಟವಾಗಿ ಕಾಣುವುದು. ಸಿಸ್ಟೈನ್ ಮಂದಿರದ ಛಾವಣಿಯಲ್ಲಿ ಮೈಕೆಲೇಂಜೆಲೊ ಬರೆದ ಆದಾಮನ ಕೈಯನ್ನು ಬಲ್ಲವರಿಗೆ ಇದು ಅದೇ ಕೈಯೆಂದು ತಟ್ಟನೆ ಹೊಳೆಯುತ್ತದೆ. ದೇವರನ್ನು ನೆರಳಿಗೆ ಸರಿಸಿ, ಸುಂಕದವರ ಮುಖಕ್ಕೆ ಬೆಳಕು ಬೀಳಿಸಿದ ಈ ಧೈರ್ಯವೇ ಚಿತ್ರದ ಜೀವಾಳವೆಂದು ನನ್ನ ಮತಿಗೆ ತೋರುತ್ತದೆ.

ಛಾಯಾಪ್ರಕಾಶಗಳ ಸಂಯೋಜನೆ ಕರವಾಜ್ಜೊ ಕಂಡುಹಿಡಿದುದೇನೂ ಅಲ್ಲ. ಲಿಯೊನಾರ್ಡೊ ಅದನ್ನು ಬಲ್ಲವನಾಗಿದ್ದನು. ಆದರೆ ಹಿಂದಿನವರಲ್ಲಿ ನೆರಳೆಂಬುದು ಆಕೃತಿಗೆ ದುಂಡುತನವನ್ನು ಕೊಡುವ ಸಾಧನವಾಗಿದ್ದರೆ, ಇವನಲ್ಲಿ ಅದು ಅನಾವಶ್ಯಕವಾದುದೆಲ್ಲವನ್ನೂ ನುಂಗಿ, ಕಣ್ಣು ಎಲ್ಲಿ ನೆಡಬೇಕೋ ಅಲ್ಲಿಯೇ ನೆಡುವಂತೆ ಮಾಡುವ ಶಕ್ತಿಯಾಯಿತು. ಪಟಕ್ಕೆ ಮೊದಲೇ ಕಪ್ಪುಮಿಶ್ರಿತ ಕಂದುವರ್ಣದ ಲೇಪವನ್ನು ಬಳಿದು, ಬೆಳಗಬೇಕಾದ ಭಾಗಗಳನ್ನು ಮಾತ್ರ ಅದರ ಮೇಲೆ ತೀಡಿ ತೆಗೆಯುತ್ತಿದ್ದನಾದುದರಿಂದ, ಅವನ ಕತ್ತಲೆಯು ಎಷ್ಟೋ ಕಡೆ ಕುಂಚವೇ ಹೆಚ್ಚು ಮುಟ್ಟದೆ ಬಿಟ್ಟ ನೆಲ. ಪವಿತ್ರ ಚಿತ್ರಗಳು ಅಕ್ಷರವರಿಯದ ಜನಕ್ಕೂ ಬೋಧೆಯಾಗಬೇಕು, ಭಕ್ತಿಯನ್ನು ಪ್ರಚೋದಿಸಬೇಕು ಎಂದು 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯು ವಿಧಿಸಿದ್ದ ಕಾಲಕ್ಕೆ ಈ ಕ್ರಮ ಚೆನ್ನಾಗಿ ಒದಗಿಬಂದಿತು. ಆದರೂ ಹಳಬರು ಮೂಗು ಮುರಿಯದೆ ಬಿಡಲಿಲ್ಲ. ಈತನಿಗೆ ನೆಲಮಾಳಿಗೆಯಿಂದ ಹೊರಬರಲು ತಿಳಿಯದೆಂದು ಅವರು ಆಡಿಕೊಂಡುದನ್ನು ಕಲಾವಿದರ ಚರಿತ್ರಕಾರ ಬೆಲ್ಲೋರಿ 1672ರಲ್ಲಿ ದಾಖಲಿಸಿದ್ದಾನೆ.

ಕರವಾಜ್ಜೊ 1610ರಲ್ಲಿ ತೀರಿಕೊಂಡ ಮೇಲೆ ಈ ಕತ್ತಲೆ ಯುರೋಪಿನ ಉದ್ದಗಲಕ್ಕೂ ಹರಡಿತು. ಫ್ರಾನ್ಸಿನ ಜಾರ್ಜ್ ದ ಲಾ ತೂರ್ ಬೆಳಕಿನ ಮೂಲವನ್ನೇ ಚಿತ್ರದೊಳಕ್ಕೆ ತಂದನು: ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ಅವನ ‘ಬಡಗಿ ಯೋಸೇಫ’ದಲ್ಲಿ ಬಾಲಯೇಸು ಮೋಂಬತ್ತಿಗೆ ಅಡ್ಡಹಿಡಿದ ಕೈಯ ಬೆರಳುಗಳು ಜ್ವಾಲೆಯ ಮುಂದೆ ಪಾರದರ್ಶಕವಾಗಿ ಕೆಂಪೇರಿವೆ.

ಇನ್ನು ಕರೆಯಲ್ಪಟ್ಟ ಮತ್ತಾಯನು ಆ ಐವರಲ್ಲಿ ಯಾರೆಂಬ ವಾದವೊಂದಿದೆ. ಬೆರಳು ತೋರುತ್ತಿರುವ ಗಡ್ಡದವನೆಂದು ಬಹುಜನರ ಮತ. ಅವನು ತೋರುತ್ತಿರುವುದು ತನ್ನನ್ನಲ್ಲ, ಮೇಜಿನ ಕೊನೆಯಲ್ಲಿ ತಲೆ ಬಗ್ಗಿಸಿ ಹಣವೆಣಿಸುವ ಯುವಕನನ್ನು ಎಂದು ಕೆಲವರು. ಅದೇ ಮಂದಿರದ ಉಳಿದೆರಡು ಚಿತ್ರಗಳಲ್ಲಿಯೂ ಮತ್ತಾಯನಿಗೆ ಗಡ್ಡವಿರುವುದರಿಂದ ನಾನು ಮೊದಲ ಪಕ್ಷದವನು.