ಸಭೆಯಲ್ಲಿ ಹೆಣ್ಣುಮಕ್ಕಳ ಮಾತು

ನಮ್ಮ ಮಾರತ್ತಹಳ್ಳಿಯು ಸೇರಿರುವ ಮಹದೇವಪುರ ಕ್ಷೇತ್ರದಿಂದ 2023ರಲ್ಲಿ ಮಹಿಳೆಯೊಬ್ಬರು ವಿಧಾನಸಭೆಗೆ ಆರಿಸಿಬಂದುದು ವಾಚಕರಿಗೆ ವಿದಿತವಾದ ಸಂಗತಿ. ಆ ಚುನಾವಣೆಯ ಭಾಷಣಗಳ ಪ್ರಸ್ತಾಪ ಬಂದಾಗ ಪೋಷಕರೊಬ್ಬರು, “ಹೆಂಗಸರ ಭಾಷೆಯೇ ಬೇರೆ, ಅದು ರಾಜಕೀಯಕ್ಕೆ ಹೊಂದದು” ಎಂದರು. ಈ ಮಾತನ್ನು ಸ್ವಲ್ಪ ಪರೀಕ್ಷಿಸುವುದು ಯುಕ್ತವೆಂದು ನಮಗೆ ತೋರಿತು.

ಮೊದಲು ವ್ಯಾಕರಣವನ್ನು ನೋಡೋಣ. ಹಿಂದಿಯಲ್ಲಿ ಗಂಡಸು ‘ಕರ್‌ತಾ ಹೂಂ’ ಎನ್ನುವಲ್ಲಿ ಹೆಂಗಸು ‘ಕರ್‌ತೀ ಹೂಂ’ ಎನ್ನಬೇಕು. ಕನ್ನಡದಲ್ಲಿಯಾದರೋ ಮಾಡಿದನು, ಮಾಡಿದಳು ಎಂಬ ಭೇದವು ಪ್ರಥಮ ಪುರುಷಕ್ಕೆ ಮಾತ್ರ ಸಲ್ಲುತ್ತದೆ. ‘ನಾನು ಮಾಡುತ್ತೇನೆ’ ಎಂಬ ಉತ್ತಮ ಪುರುಷದ ವಾಕ್ಯಕ್ಕೆ ಲಿಂಗವಿಲ್ಲ. ಗೌರವದ ಬಹುವಚನದಲ್ಲಿಯೂ ಆ ಭೇದವು ಅಳಿದುಹೋಗುತ್ತದೆ. 1972ರಿಂದ 1978ರವರೆಗೆ ಶ್ರೀಮತಿ ಕೆ. ಎಸ್. ನಾಗರತ್ನಮ್ಮನವರು ನಮ್ಮ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಪುರುಷರಿರಲಿ, ಸ್ತ್ರೀಯರಿರಲಿ, ‘ಸಭಾಧ್ಯಕ್ಷರೇ’ ಎಂಬ ಒಂದೇ ಸಂಬೋಧನೆಯು ಒಪ್ಪುತ್ತದೆ.

ಹಾಗಾದರೆ ಭೇದವೆಲ್ಲಿಯದು? ಸ್ತ್ರೀಯರ ಮಾತಿನಲ್ಲಿ ‘ಅಲ್ಲವೇ?’, ‘ಹಾಗೆಂದು ತೋರುತ್ತದೆ’ ಎಂಬಂಥ ಹಿಂಜರಿಕೆಯ ನುಡಿಗಳು ಹೆಚ್ಚೆಂದು ಅಮೆರಿಕದ ಭಾಷಾಶಾಸ್ತ್ರಜ್ಞೆ ರಾಬಿನ್ ಲೇಕಾಫರು 1975ರ ತಮ್ಮ ಗ್ರಂಥದಲ್ಲಿ ವಾದಿಸಿದರು. 1980ರಲ್ಲಿ ಓಬಾರ್ ಮತ್ತು ಆಟ್‌ಕಿನ್ಸ್ ಎಂಬ ವಿದ್ವಾಂಸರು ನ್ಯಾಯಾಲಯದ ಸಾಕ್ಷಿಗಳ ಮಾತನ್ನು ಶೋಧಿಸಲಾಗಿ, ವಿದ್ಯೆಯೂ ಪದವಿಯೂ ಉಳ್ಳ ಸ್ತ್ರೀಯರಲ್ಲಿ ಈ ಲಕ್ಷಣಗಳು ಕಡಮೆಯೆಂದೂ, ಅಧಿಕಾರವಿಲ್ಲದ ಪುರುಷರಲ್ಲಿ ಹೆಚ್ಚೆಂದೂ ಕಂಡುಬಂದಿತು. ಎಂದರೆ, ಹಿಂಜರಿಕೆಯು ಹೆಣ್ಣಿನ ಸ್ವಭಾವವಲ್ಲ; ಸ್ಥಾನವಿಲ್ಲದವರ ಅಭ್ಯಾಸ.

ಸ್ಥಾನವಾದರೋ ನಮ್ಮ ನಾಡಿನಲ್ಲಿ ದೊರೆತಿದೆ. 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಕಾಲುಭಾಗವನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. ಈಗ ಪಂಚಾಯಿತಿಗಳಲ್ಲಿ ಅರ್ಧಭಾಗವೇ ಅವರದು. ಆದರೆ ಪೀಠ ದೊರೆತ ಮಾತ್ರಕ್ಕೆ ಬಾಯಿ ತೆರೆಯದು. ಎಷ್ಟೋ ಕಡೆ ಸದಸ್ಯೆಯ ಪರವಾಗಿ ಆಕೆಯ ಗಂಡನೇ ಮಾತನಾಡುವುದನ್ನು ಯಾರು ಅರಿಯರು?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳತಕ್ಕದ್ದು. ಶಾಲೆಯ ಚರ್ಚಾಕೂಟದಲ್ಲಿ ವಿಷಯವನ್ನು ಚೆನ್ನಾಗಿ ವ್ಯಾಸಂಗ ಮಾಡಿ ಬಂದ ಬಾಲಿಕೆಯೂ, “ನನಗೆ ಅಷ್ಟಾಗಿ ತಿಳಿಯದು, ತಪ್ಪಿದ್ದರೆ ಕ್ಷಮಿಸಿರಿ” ಎಂದೇ ಆರಂಭಿಸುತ್ತಿದ್ದಳು. ಅದನ್ನು ವಿನಯವೆಂದು ಬಹುಕಾಲ ಮೆಚ್ಚಿದೆವು, ಅಂಕಗಳನ್ನೂ ಕೊಟ್ಟೆವು. ತಿಳಿದುದನ್ನು ತಿಳಿಯದೆಂದು ಹೇಳಿಸುವುದು ವಿನಯವಲ್ಲವೆಂದು ಈಗ ಮನಗಂಡಿದ್ದೇವೆ. ಆದಕಾರಣ ಈ ವರ್ಷದಿಂದ ಆ ಪೀಠಿಕೆಯನ್ನು ಬಿಡಿಸಿ, ವಿಷಯದಿಂದಲೇ ಆರಂಭಿಸುವಂತೆ ಕಲಿಸುತ್ತಿದ್ದೇವೆ.

ಪೋಷಕರಲ್ಲಿ ನಮ್ಮ ಬಿನ್ನಹವೊಂದೇ: ಮನೆಯಲ್ಲಿ ಊಟಕ್ಕೆ ಕುಳಿತಾಗ ಊರಿನ ವಿಚಾರ ಬಂದರೆ ಮಗಳ ಅಭಿಪ್ರಾಯವನ್ನೂ ಕೇಳಿರಿ, ಅವಳ ವಾಕ್ಯವನ್ನು ಅವಳೇ ಮುಗಿಸಲಿ. ಹಳೆಯ ವಿದ್ಯಾರ್ಥಿನಿಯರೇ, ವಾರ್ಡಿನ ಸಭೆಗಾಗಲಿ, ಗ್ರಾಮಸಭೆಗಾಗಲಿ ಹೋದಾಗ ಹಿಂದಿನ ಬೆಂಚಿನಿಂದ ಎದ್ದು ನಿಂತು ಮಾತನಾಡಿರಿ. ಕನ್ನಡದ ‘ನಾನು’ ಎಂಬ ಪದವು ನಿಮಗೂ ನಿಮ್ಮ ಅಣ್ಣತಮ್ಮಂದಿರಿಗೂ ಸಮನಾಗಿ ಸಲ್ಲುತ್ತದೆ.