ನಿಮಗಿದು ಗೊತ್ತೇ? ಪ್ರಾಸ್ಟೇಟ್ ಕ್ಯಾನ್ಸರ್ ಬೇಟೆಗೆ ಕುಲಾಂತರಿ ರಕ್ತಕಣ!

● ಕುಲಾಂತರಿ ಹತ್ತಿ, ಬದನೆಯ ಜಗಳ ಇನ್ನೂ ಮುಗಿದಿಲ್ಲ. ಕುಲಾಂತರಿ ರಕ್ತಕಣ ಮಾತ್ರ ಸದ್ದಿಲ್ಲದೆ ಆಸ್ಪತ್ರೆ ಸೇರಿಬಿಟ್ಟಿದೆ. ರೋಗಿಯ ರಕ್ತದಿಂದಲೇ ಬಿಳಿ ರಕ್ತಕಣಗಳ ಒಂದು ಬಗೆಯಾದ ‘ಟಿ ಕೋಶ’ಗಳನ್ನು ಬೇರ್ಪಡಿಸಿ, ಕ್ಯಾನ್ಸರನ್ನು ಗುರುತು ಹಿಡಿಯುವ ಹೊಸ ವಂಶವಾಹಿ ಸೇರಿಸಿ, ಲ್ಯಾಬಿನಲ್ಲಿ ಬೆಳೆಸಿ, ಡ್ರಿಪ್ ಮೂಲಕ ಅದೇ ರೋಗಿಗೆ ಮರಳಿಸುತ್ತಾರೆ. ಇದೇ ಕಾರ್-ಟಿ ಚಿಕಿತ್ಸೆ.

● ಹೊಸ ವಂಶವಾಹಿಯನ್ನು ಕೋಶದೊಳಕ್ಕೆ ಹೊತ್ತೊಯ್ಯಲು ಬಹಳಷ್ಟು ಕಡೆ ಬಳಸುವುದು ಏಡ್ಸ್‌ ತರುವ ಎಚ್‌ಐವಿಯಿಂದ ರೂಪಿಸಿದ ವೈರಸ್ಸನ್ನು! ರೋಗ ಹರಡುವ ಭಾಗಗಳನ್ನೆಲ್ಲ ಕಿತ್ತುಹಾಕಿ, ಕೋಶದೊಳಗೆ ನುಗ್ಗುವ ವಿದ್ಯೆಯನ್ನಷ್ಟೇ ಉಳಿಸಿರುತ್ತಾರೆ.

● ಕಾರ್-ಟಿಯ ಉಪಾಯ ಮೊದಲು ಹೊಳೆದವರಲ್ಲಿ ಪ್ರಮುಖರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹಾರ್. ಅವರ ತಂಡದ ಪ್ರಬಂಧ ಪ್ರಕಟವಾದದ್ದು 1989ರಲ್ಲಿ. ಅಮೆರಿಕದಲ್ಲಿ ಮೊದಲ ಕಾರ್-ಟಿ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ. ಅದೂ ರಕ್ತದ ಕ್ಯಾನ್ಸರಿಗೆ.

● ಪ್ರಾಸ್ಟೇಟ್ ಮೇಲೆ ವಿಜ್ಞಾನಿಗಳು ಕಣ್ಣಿಟ್ಟದ್ದೇಕೆ? ಮೂತ್ರಕೋಶದ ಕೆಳಗಿರುವ ಈ ಪುಟ್ಟ ಗ್ರಂಥಿ ಇಲ್ಲದೆಯೂ ಗಂಡಸು ಬದುಕಬಲ್ಲ. ಹಾಗಾಗಿ ಟಿ ಕೋಶಗಳು ಗ್ರಂಥಿಯನ್ನೇ ನಾಶ ಮಾಡಿದರೂ ಪ್ರಾಣಕ್ಕೆ ಅಪಾಯವಿಲ್ಲ. ತೊಡಕೆಂದರೆ, ಅವು ಹುಡುಕುವ ಪ್ರೋಟೀನುಗಳು ಆ ಗ್ರಂಥಿಯಲ್ಲಿ ಮಾತ್ರ ಇರುವುದಿಲ್ಲ. ಪಿಎಸ್‌ಸಿಎ ಮೂತ್ರಕೋಶದಲ್ಲೂ, ಪಿಎಸ್‌ಎಂಎ ಜೊಲ್ಲುಗ್ರಂಥಿ ಮತ್ತು ಮೂತ್ರಪಿಂಡಗಳಲ್ಲೂ ಇವೆ.

● ಕ್ಯಾಲಿಫೋರ್ನಿಯಾದ ‘ಸಿಟಿ ಆಫ್ ಹೋಪ್’ ಆಸ್ಪತ್ರೆಯಲ್ಲಿ ಆದದ್ದೂ ಅದೇ. ಹಾರ್ಮೋನ್ ಚಿಕಿತ್ಸೆಗೆ ಜಗ್ಗದೆ ದೇಹದಲ್ಲೆಲ್ಲ ಹರಡಿದ್ದ ಪ್ರಾಸ್ಟೇಟ್ ಕ್ಯಾನ್ಸರಿನ 14 ಮಂದಿಗೆ ಪಿಎಸ್‌ಸಿಎ ಬೆನ್ನಟ್ಟುವ ಟಿ ಕೋಶಗಳನ್ನು ಕೊಟ್ಟರು. 10 ಕೋಟಿ ಕೋಶಗಳ ಡೋಸಿಗೆ ಕೆಲವರ ಮೂತ್ರಕೋಶ ತೀವ್ರವಾಗಿ ಉರಿಯೂತಗೊಂಡಿತು. ಟಿ ಕೋಶಗಳಿಗಿಂತ ಮೊದಲು ಕೊಡುವ ಕೀಮೋ ಪ್ರಮಾಣ ತಗ್ಗಿಸಿದ ಮೇಲೆ ಆ ಕಾಟ ಹತೋಟಿಗೆ ಬಂತು. 2024ರಲ್ಲಿ ಪ್ರಕಟವಾದ ವರದಿಯಂತೆ ನಾಲ್ವರ ರಕ್ತದಲ್ಲಿ ಪಿಎಸ್‌ಎ ಮಟ್ಟ ಶೇ 30ಕ್ಕಿಂತ ಹೆಚ್ಚು ಇಳಿಯಿತು.

● ಪಿಎಸ್‌ಎ ಎಂದರೆ ಕ್ಯಾನ್ಸರ್ ಕಾರುವ ವಿಷವಲ್ಲ. ವೀರ್ಯವನ್ನು ತೆಳುವಾಗಿಸಲು ಆರೋಗ್ಯವಂತ ಗ್ರಂಥಿಯೂ ಅದನ್ನು ತಯಾರಿಸುತ್ತದೆ. ಈ ಕ್ಯಾನ್ಸರ್ ಹೆಚ್ಚಾಗಿ ಮೂಳೆಗೆ ಹರಡುತ್ತದೆ. ಅಲ್ಲಿನ ಗಡ್ಡೆ ಕುಗ್ಗಿತೇ ಎಂದು ಸ್ಕ್ಯಾನ್‌ನಲ್ಲಿ ಅಳೆಯುವುದು ಕಷ್ಟ. ಅದಕ್ಕೇ ವೈದ್ಯರು ಪಿಎಸ್‌ಎ ಏರಿಳಿತವನ್ನೂ ನೆಚ್ಚಿಕೊಳ್ಳುತ್ತಾರೆ.

● ಪ್ರಾಸ್ಟೇಟ್ ಗಡ್ಡೆ ತನ್ನ ಸುತ್ತ ‘ಟಿಜಿಎಫ್-ಬೀಟಾ’ ಎಂಬ ರಾಸಾಯನಿಕ ಹರಡಿ ಟಿ ಕೋಶಗಳ ಕೈ ಕಟ್ಟಿಹಾಕುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆ ಸಂಕೇತಕ್ಕೆ ಬಗ್ಗದಂಥ ಟಿ ಕೋಶ ರೂಪಿಸಿ 13 ಮಂದಿಯಲ್ಲಿ ಪರೀಕ್ಷಿಸಿದರು. ಒಬ್ಬ ರೋಗಿಯ ಪಿಎಸ್‌ಎ ಶೇ 98ಕ್ಕೂ ಹೆಚ್ಚು ಕುಸಿಯಿತು. ಆದರೆ ನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆ, ನಂಜು ಸೇರಿ ಆತ ಉಳಿಯಲಿಲ್ಲ.

● ಆ ತೀವ್ರ ಪ್ರತಿಕ್ರಿಯೆಗೆ ಮದ್ದು ಸಂಧಿವಾತದ ಔಷಧ ಟೋಸಿಲಿಜುಮ್ಯಾಬ್! 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್-ಟಿ ಪಡೆದ ಲ್ಯುಕೇಮಿಯಾದ ಪುಟ್ಟ ಹುಡುಗಿ ವಿಪರೀತ ಜ್ವರದಿಂದ ಸಾವಿನಂಚಿಗೆ ಹೋದಳು. ಆ ಚಿಕಿತ್ಸೆ ರೂಪಿಸಿದ ವಿಜ್ಞಾನಿ ಕಾರ್ಲ್ ಜೂನ್ ಅವರ ಮಗಳಿಗೆ ಬಾಲ್ಯದ ಸಂಧಿವಾತವಿದ್ದುದರಿಂದ ಈ ಔಷಧ ಅವರಿಗೆ ಗೊತ್ತಿತ್ತು. ಕೊಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು.

● 2010ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ‘ಪ್ರೊವೆಂಜ್’ ಕೂಡ ಪ್ರಾಸ್ಟೇಟ್ ಕ್ಯಾನ್ಸರಿಗೆ ರೋಗಿಯದೇ ನಿರೋಧಕ ಕೋಶಗಳಿಂದ ಮಾಡುವ ಚಿಕಿತ್ಸೆ. ಆದರೆ ಅದರಲ್ಲಿ ವಂಶವಾಹಿ ತಿದ್ದುವುದಿಲ್ಲ. ಹೊರಗೆ ಪಾಠ ಹೇಳಿಕೊಟ್ಟು ವಾಪಸ್ ಕಳಿಸುತ್ತಾರೆ, ಅಷ್ಟೇ. ಮುಖ್ಯ ಪ್ರಯೋಗದಲ್ಲಿ ಆಯಸ್ಸು ಸರಾಸರಿ ನಾಲ್ಕು ತಿಂಗಳಷ್ಟು ಹೆಚ್ಚಿತು.

● ಭಾರತದ್ದೇ ಕಾರ್-ಟಿಗಳೂ ಬಂದಿವೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ನಂಟಿನ ‘ನೆಕ್ಸ್‌ಕಾರ್19’ 2023ರಲ್ಲಿ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ‘ಕಾರ್ಟೆಮಿ’ 2025ರ ಜನವರಿಯಲ್ಲಿ ಬಿಡುಗಡೆಯಾಯಿತು. ಎರಡೂ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಮಾತ್ರ, ಪ್ರಾಸ್ಟೇಟ್‌ಗಲ್ಲ.

● ಪ್ರಾಸ್ಟೇಟ್ ಕ್ಯಾನ್ಸರಿಗೆ ಕಾರ್-ಟಿ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಯಾರಾದರೂ ‘ನಮ್ಮಲ್ಲಿ ಸಿಗುತ್ತೆ’ ಎಂದರೆ, ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಇಂಥ ಪ್ರಯೋಗಗಳನ್ನು ಸಿಟಿಆರ್‌ಐ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಅಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕಬಹುದು.