ಅವ್ವನ ಆರೂವರೆ, ಅಕ್ಕನ ಎಂಟು ಗಂಟೆ

2024ರ ದೀಪಾವಳಿಗೆ ಸೇಡಂಗೆ ಹೋಗಿದ್ದೆ. ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಪಾಡ್ಯ, ಮರುದಿನ ಭಾನುವಾರ. ಇಷ್ಟು ರಜೆ ಸಾಲಾಗಿ ಸಿಕ್ಕಿದ್ದೇ ಪುಣ್ಯ ಅಂದುಕೊಂಡು, ಸೋಮವಾರ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಉಳಿದುಬಿಟ್ಟೆ. ಆ ಸೋಮವಾರ, ನವೆಂಬರ್ 4ರ ಬೆಳಿಗ್ಗೆ ಏಳಕ್ಕೆ ಎದ್ದು ಅಡುಗೆಮನೆಗೆ ಹೋದರೆ ಅವ್ವ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿಲ್ಲ, ಚಾ ಇಲ್ಲ.

"ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಅಂದೆ.

"ಫೋನ್ ಇನ್ನಾ ಹೊಡದಿಲ್ಲಲ್ಲೋ. ಗುಳಿಗಿ ತಗೊಂಡಿಲ್ಲ."

ಅವ್ವನಿಗೆ ಥೈರಾಯ್ಡ್. ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಅರ್ಧ-ಒಂದು ಗಂಟೆ ಚಾ ಕೂಡ ಕುಡಿಯುವಂತಿಲ್ಲ. ದಿನಾ ಬೆಳಿಗ್ಗೆ 6.30ಕ್ಕೆ ಅವಳ ಫೋನು ಬಾರಿಸುತ್ತದೆ, ಅವಳು ನುಂಗುತ್ತಾಳೆ. ಆ ಅಲಾರಂ ಇಟ್ಟವಳು ಡಲ್ಲಾಸ್‌ನಲ್ಲಿರುವ ನನ್ನ ಅಕ್ಕ. ಮನೆಯವರು ಎಲ್ಲಿಂದಲಾದರೂ ಒಬ್ಬರಿಗೊಬ್ಬರು ಔಷಧದ ನೆನಪು ಇಡಬಹುದಾದ ಆ್ಯಪ್ ಅದು. ಆ್ಯಪ್ ನಮ್ಮ ಕಂಪನಿಯದು. ಅದರಲ್ಲಿ ಸಮಯ ಲೆಕ್ಕ ಹಾಕುವ ಕೋಡ್ ಬರೆದವನು ನಾನು.

7.30ಕ್ಕೆ ಸರಿಯಾಗಿ ಫೋನ್ ಬಾರಿಸಿತು. "ಬಂತು ನೋಡು," ಅಂತ ಅವ್ವ ನೀರಿನ ಲೋಟ ಎತ್ತಿಕೊಂಡಳು. ಒಂದು ತಾಸು ತಡವಾಗಿದೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಗ ಮಾಡಿದ ಆ್ಯಪ್ ತಪ್ಪಿರಲಿಕ್ಕಿಲ್ಲ, ಗೋಡೆ ಗಡಿಯಾರವೇ ತಪ್ಪಿರಬೇಕು ಅಂದುಕೊಂಡಿದ್ದಳು. ನನಗೆ ನಾಚಿಕೆಯಾದದ್ದು ಆ ಮಾತಿಗೆ.

ಆಗಿದ್ದೇನು ಅಂತ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೊಳೆದಿತ್ತು. ಹಿಂದಿನ ದಿನ, ನವೆಂಬರ್ ತಿಂಗಳ ಮೊದಲ ಭಾನುವಾರ, ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಬೇಸಿಗೆಯಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಕ್ಕ ಜೂನ್‌ನಲ್ಲಿ ಲೆಕ್ಕ ಹಾಕಿ ಅವ್ವನ 6.30 ಅಂದರೆ ತನ್ನ ರಾತ್ರಿ 8 ಅಂತ ಆ್ಯಪ್‌ನಲ್ಲಿ 8 ಒತ್ತಿದ್ದಳು. ಆ್ಯಪ್ ಅದನ್ನು "ಡಲ್ಲಾಸ್‌ನ ರಾತ್ರಿ ಎಂಟು" ಅಂತಲೇ ನಿಷ್ಠೆಯಿಂದ ಹಿಡಿದುಕೊಂಡಿತ್ತು. ಅಲ್ಲಿ ಗಡಿಯಾರ ತಿರುಗಿದ ಮೇಲೆ ಅದೇ ಎಂಟು ಗಂಟೆ ಸೇಡಂನಲ್ಲಿ ಏಳೂವರೆ ಆಯಿತು.

ಇದರಲ್ಲಿ ನನ್ನನ್ನು ಚುಚ್ಚುವ ಸಂಗತಿ ಬೇರೆ ಇದೆ. ನಮ್ಮ ಮೊದಲ ಆವೃತ್ತಿಯಲ್ಲಿ ಈ ತಪ್ಪು ಇರಲಿಲ್ಲ. ಆಗ ಪ್ರತಿ ಸಮಯವನ್ನೂ ಯುಟಿಸಿಗೆ ಬದಲಿಸಿ ಇಡುತ್ತಿದ್ದೆವು. ಯುಟಿಸಿ ಅಂದರೆ ಜಗತ್ತಿಗೆಲ್ಲ ಒಂದೇ ಆಧಾರ ಗಡಿಯಾರ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. "ಸಮಯವನ್ನು ಯಾವಾಗಲೂ ಯುಟಿಸಿಯಲ್ಲಿಡಿ" ಅನ್ನುವುದು ನಮ್ಮ ವೃತ್ತಿಯ ಮಗ್ಗಿ, ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರಾದರೂ ಹೇಳಿಕೊಡುತ್ತಾರೆ. ಆದರೆ 2023ರ ನವೆಂಬರ್‌ನಲ್ಲಿ ಅಮೆರಿಕದ ಬಳಕೆದಾರರು ದೂರಿದರು: ಬೆಳಿಗ್ಗೆ 8ಕ್ಕೆ ಇಟ್ಟ ಬಿಪಿ ಮಾತ್ರೆಯ ಅಲಾರಂ 7ಕ್ಕೇ ಬಾರಿಸುತ್ತಿದೆ ಅಂತ. ಅವರ ಗಡಿಯಾರ ಸರಿದಿತ್ತು, ಯುಟಿಸಿ ಸರಿಯುವುದಿಲ್ಲ. ನಾನು ಕೂತು ಸರಿಪಡಿಸಿದೆ. ಅಲಾರಂ ಇಟ್ಟವರ ಗೋಡೆ ಗಡಿಯಾರದ ಸಮಯ ಮತ್ತು ಅವರ ವಲಯದ ಹೆಸರು, ಎರಡನ್ನೂ ಸೇರಿಸಿ ಇಡುವಂತೆ ಮಾಡಿದೆ. ಕೋಡ್ ರಿವ್ಯೂನಲ್ಲಿ ಹೊಗಳಿಕೆಯೂ ಸಿಕ್ಕಿತು. ಅಲಾರಂ ಇಡುವವರು ಬೇರೆ, ಗುಳಿಗೆ ನುಂಗುವವರು ಬೇರೆ ಇರಬಹುದು ಅನ್ನುವುದು ಯಾರ ತಲೆಗೂ ಬರಲಿಲ್ಲ. ಆ್ಯಪ್ ಇರುವುದೇ ಅಂಥವರಿಗಾಗಿ! ಬೇರೆಯವರ ಅಲಾರಂ ಸರಿಮಾಡಿ ಅವ್ವನದನ್ನು ಕೆಡಿಸಿದ್ದೆ.

ನಾವು ಭಾರತದಲ್ಲಿ ಬೆಳೆದವರಿಗೆ ಇದು ಮೈಗೆ ತಾಗುವುದಿಲ್ಲ. ದೇಶಕ್ಕೆಲ್ಲ ಒಂದೇ ಸಮಯ, ವರ್ಷಪೂರ್ತಿ ಅದೇ. ಗಡಿಯಾರ ತಿರುಗಿಸುವುದು ಅಂದರೆ ನಮಗೆ ಸೆಲ್ ಮುಗಿದಿದೆ ಅಂತ ಅರ್ಥ.

ಆ ಸಂಜೆ ಬೆಂಗಳೂರಿಗೆ ಹೊರಟೆ. ಸೇಡಂನಿಂದ ರೈಲು ಹತ್ತಿ, ಮಳಖೇಡ, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು ಬೆಂಗಳೂರಿನ ಗಾಡಿಗೆ ಕಾಯಬೇಕು. ಶಹಾಬಾದಿನ ನನ್ನ ಹಳೆಯ ಕ್ಲಾಸ್‌ಮೇಟ್ ಒಬ್ಬ ರೈಲ್ವೆಯಲ್ಲಿದ್ದಾನೆ, ಮಾತಾಡಿಸಲು ಪ್ಲಾಟ್‌ಫಾರ್ಮಿಗೆ ಬಂದಿದ್ದ. ಬೆಳಗಿನ ಕಥೆ ಹೇಳಿದೆ. ಅವನು ನಕ್ಕು, "ಟೈಮ್ ಬದಲಿಸೋ ಲೆಕ್ಕ ಈ ಸ್ಟೇಷನ್ನಿಗೆ ಹೊಸದಲ್ಲಪಾ, ಇದು ಎರಡು ಕಂಪನಿ ಕೂಡೋ ಜಾಗ ಇತ್ತು," ಅಂದ. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು, ರಾತ್ರಿಯೆಲ್ಲ ಬರ್ತ್ ಮೇಲೆ ಮಲಗಿ ಫೋನಿನಲ್ಲಿ ಓದಿದೆ.

ಮುಂಬೈ ಕಡೆಯಿಂದ ಶಹಾಬಾದ್, ವಾಡಿ ಹಾದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲ್ವೆ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಯಿತು. ಆಗ ಭಾರತಕ್ಕೆ ಒಂದೇ ಸಮಯ ಇರಲಿಲ್ಲ. ಪ್ರತಿ ಊರಿಗೂ ನೆತ್ತಿಯ ಮೇಲೆ ಸೂರ್ಯ ಬಂದಾಗಲೇ ಮಧ್ಯಾಹ್ನ ಹನ್ನೆರಡು. ಊರೂರಿಗೆ ಬೇರೆ ಗಡಿಯಾರ ಇಟ್ಟುಕೊಂಡು ರೈಲು ಓಡಿಸಲು ಆಗುತ್ತದೆಯೇ? ಹಾಗಾಗಿ 1870ರ ಸುಮಾರಿಗೆ ದೇಶದ ರೈಲುಗಳೆಲ್ಲ ಮದ್ರಾಸ್ ವೀಕ್ಷಣಾಲಯದ ಸಮಯವನ್ನು ಹಿಡಿದವು. ಟೆಲಿಗ್ರಾಫ್ ತಂತಿಯಲ್ಲಿ ಸ್ಟೇಷನ್ನುಗಳಿಗೆ ಸಮಯ ಬರುತ್ತಿತ್ತು.

ಲೆಕ್ಕ ಹಾಕಿ ನೋಡಿದೆ. ರೇಖಾಂಶದ ಪ್ರಕಾರ ವಾಡಿಯ ಸ್ವಂತ ಸೂರ್ಯಸಮಯ ಮದ್ರಾಸಿಗಿಂತ ಸುಮಾರು 13 ನಿಮಿಷ ಹಿಂದೆ, ಮುಂಬೈಗಿಂತ ಸುಮಾರು 17 ನಿಮಿಷ ಮುಂದೆ. ಶಹಾಬಾದಿನಿಂದ ಚಿಂಚೋಳಿಗೇ ಸೂರ್ಯನ ಲೆಕ್ಕದಲ್ಲಿ ಸುಮಾರು ಎರಡು ನಿಮಿಷ ವ್ಯತ್ಯಾಸ. 1890ರಲ್ಲಿ ಚಿತ್ತಾಪುರದ ವ್ಯಾಪಾರಿಯೊಬ್ಬ ಮುಂಬೈಗೆ ಹೊರಟ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಸೂರ್ಯನ ಸಮಯ, ಸ್ಟೇಷನ್ನಿನಲ್ಲಿ ಮದ್ರಾಸ್ ಸಮಯ, ಮುಂಬೈಯಲ್ಲಿ ಇಳಿದು ಪೇಟೆಗೆ ಬಂದರೆ ಅರ್ಧ ಗಂಟೆ ಹಿಂದಿರುವ ಬಾಂಬೆ ಸಮಯ. ಮೂರು ಗಡಿಯಾರ ಅವನ ತಲೆಯಲ್ಲೇ ಓಡಬೇಕು. 1881ರಲ್ಲಿ ಮುಂಬೈ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಮದ್ರಾಸ್ ಸಮಯವನ್ನು ನಗರಕ್ಕೂ ಹೇರಲು ಹೋಗಿ, ಜನ ಒಪ್ಪದೆ ಎರಡು ವರ್ಷದಲ್ಲಿ ಕೈಬಿಟ್ಟ. ಈಗಿನ ಐದೂವರೆ ಗಂಟೆಯ ಭಾರತೀಯ ಸಮಯ ಬಂದದ್ದು 1906ರ ಜನವರಿ 1ಕ್ಕೆ, ಅದಾದ ಮೇಲೂ ಮುಂಬೈ ನಗರ ತನ್ನ ಸಮಯವನ್ನು 1955ರವರೆಗೆ ಬಿಡಲಿಲ್ಲ.

ಇದನ್ನೆಲ್ಲ ಓದುವಾಗ ನನಗೆ ಇನ್ನೊಂದು ಹಳೇ ದೂರು ನೆನಪಾಯಿತು. ಚಿಂಚೋಳಿಯ ನಮ್ಮ ದೊಡ್ಡಪ್ಪ ಇದೇ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿದ್ದರು. ಜನ್ಮದಿನ 1-6-1944. ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿನ ಮೇಲೆ ಬರೆದ ಜೂನ್ ಒಂದು, ಆ ಕಾಲದ ಬಹಳ ಮಂದಿಯದು ಅದೇ. ಸೇವ್ ಮಾಡಿದರೆ ಮೇ 31 ಅಂತ ತೋರಿಸುತ್ತಿತ್ತು. "ಹುಟ್ಟಿದ್ದೇ ಅಂದಾಜು, ನೀ ಅದನ್ನೂ ಒಂದಿನ ಹಿಂದಕ ಹಾಕ್ದಿ," ಅಂತ ಬೈದಿದ್ದರು. ಅವರದೇ ಟೈಪಿಂಗ್ ತಪ್ಪು ಅಂದುಕೊಂಡು ನಾನು ಬಿಟ್ಟಿದ್ದೆ.

ತಪ್ಪು ಅವರದಲ್ಲ. ಫೋನುಗಳೆಲ್ಲ ಸಮಯ ವಲಯದ ಒಂದು ದೊಡ್ಡ ಪಟ್ಟಿಯನ್ನು ಒಳಗೆ ಇಟ್ಟುಕೊಂಡಿರುತ್ತವೆ. ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ, ಈಗ ಪಾಲ್ ಎಗ್ಗರ್ಟ್ ನೋಡಿಕೊಳ್ಳುವ ಪಟ್ಟಿ ಅದು. ಅದರಲ್ಲಿ ಇಡೀ ಭಾರತದ ಹೆಸರು "ಏಷ್ಯಾ/ಕೋಲ್ಕತಾ". (ಅವ್ವನಿಗೆ ಇದನ್ನು ಹೇಳಿದಾಗ, "ನಾವು ಕಲಕತ್ತಾದವ್ರು ಯಾವಾಗ ಆದ್ವಿ?" ಅಂದಳು. ಡಲ್ಲಾಸ್‌ನವರೂ ಅದರಲ್ಲಿ "ಅಮೆರಿಕ/ಶಿಕಾಗೊ" ಅಂತ ಸಮಾಧಾನ ಮಾಡಿದೆ.) ಆ ಸಾಲನ್ನು ತೆರೆದರೆ 1906ರವರೆಗೆ ಮದ್ರಾಸ್ ಸಮಯ 5 ಗಂಟೆ 21 ನಿಮಿಷ 10 ಸೆಕೆಂಡ್ ಅಂತ ಇಂದಿಗೂ ಕೂತಿದೆ. ಅದರ ಕೆಳಗೆ ಯುದ್ಧದ ಕಾಲ: 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರ ಒಂದು ಗಂಟೆ ಮುಂದೆ, ಅಂದರೆ ಆರೂವರೆ. ದೊಡ್ಡಪ್ಪ ಹುಟ್ಟಿದ್ದು ಅದರ ನಡುವೆ. ಫೋನು ಜೂನ್ 1ರ ನಡುರಾತ್ರಿ ಹನ್ನೆರಡನ್ನು ಆರೂವರೆ ಕಳೆದು ಮೇ 31ರ ಸಂಜೆ 5.30 ಯುಟಿಸಿ ಅಂತ ಕಳಿಸುತ್ತಿತ್ತು. ನಮ್ಮ ಸರ್ವರಿಗೆ ಇತಿಹಾಸ ಗೊತ್ತಿಲ್ಲ, ಯಾರೋ ಕೈಯಾರೆ ಬರೆದ ಐದೂವರೆ ಮಾತ್ರ ಗೊತ್ತು. ಅದು ಐದೂವರೆ ಕೂಡಿಸಿ ಮೇ 31ರ ರಾತ್ರಿ 11ಕ್ಕೆ ನಿಲ್ಲುತ್ತಿತ್ತು. ಒಂದು ಗಂಟೆಯ ಕೊರತೆಗೆ ಒಂದು ದಿನ ಹೋಯಿತು. ಜನ್ಮದಿನ ಅನ್ನುವುದು ಬರೀ ತಾರೀಕು, ಅದಕ್ಕೆ ಗಂಟೆಯನ್ನೇ ಅಂಟಿಸಬಾರದಿತ್ತು. ಇದು ಹತ್ತು ನಿಮಿಷದ ಕೆಲಸ, ಮರುದಿನವೇ ಸರಿಮಾಡಿದೆ.

ಅಲಾರಂ ಕೆಲಸ ಅಷ್ಟು ಸಲೀಸಾಗಿರಲಿಲ್ಲ. ಗುಳಿಗೆ ನುಂಗುವವರ ಗೋಡೆ ಗಡಿಯಾರದ ಸಮಯ, ಅವರ ವಲಯದ ಹೆಸರು, ಇವೆರಡನ್ನು ಇಟ್ಟುಕೊಂಡು ಮುಂದಿನ ಅಲಾರಮ್ಮಿನ ಯುಟಿಸಿಯನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕು. ಹೆಸರು ಯಾಕೆ, ಐದೂವರೆ ಅಂತ ಸಂಖ್ಯೆಯೇ ಸಾಕಲ್ಲ ಅಂತ ಟೀಮಿನಲ್ಲಿ ಒಬ್ಬ ಕೇಳಿದ. ಸಂಖ್ಯೆ ಸರ್ಕಾರದ ಕೈಯಲ್ಲಿದೆ, ಅದಕ್ಕೆ. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ತಿರುಗಿಸುವುದನ್ನು ಕೊನೇ ಗಳಿಗೆಯಲ್ಲಿ ಮುಂದೂಡಿತು, ಚರ್ಚ್ ಮತ್ತು ಕೆಲವು ಟಿವಿ ಚಾನೆಲ್‌ಗಳು ಒಪ್ಪಲಿಲ್ಲ, ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆಯಿತು. ವಲಯದ ಹೆಸರಿದ್ದರೆ ಪಟ್ಟಿ ಅಪ್‌ಡೇಟ್ ಆದಾಗ ಲೆಕ್ಕವೂ ಸರಿಹೋಗುತ್ತದೆ. ಸಂಖ್ಯೆ ಇದ್ದರೆ ಅದು ಅಲ್ಲೇ ಹೆಪ್ಪುಗಟ್ಟಿರುತ್ತದೆ.

ನಿಜವಾದ ಜಗಳ ಆದದ್ದು ಪರದೆಯ ಮೇಲೆ ಒಂದು ಪ್ರಶ್ನೆ ಹಾಕುವುದಕ್ಕೆ: "ಯಾರ ಗಡಿಯಾರದ ಪ್ರಕಾರ?" ಪ್ರಾಡಕ್ಟ್ ಮ್ಯಾನೇಜರ್‌ಗೆ ಅದು ಬೇಡ. ಒಂದು ಟ್ಯಾಪ್ ಹೆಚ್ಚಾದರೆ ಜನ ಬಿಟ್ಟುಹೋಗುತ್ತಾರೆ ಅನ್ನುವುದು ಅವರ ವಾದ, ಸುಳ್ಳೂ ಅಲ್ಲ. ಕೊನೆಗೆ ಅಲಾರಂ ಇನ್ನೊಬ್ಬರಿಗಾದರೆ ಮಾತ್ರ ಕೇಳುವುದು, "ಅವ್ವನ ಊರಿನಲ್ಲಿ ಬೆಳಿಗ್ಗೆ 6.30, ಆಗ ನಿಮಗೆ ರಾತ್ರಿ 7" ಅಂತ ಎರಡನ್ನೂ ತೋರಿಸುವುದು ಅಂತ ತೀರ್ಮಾನವಾಯಿತು.

ಹಳೇ ಬಳಕೆದಾರರದು ದೊಡ್ಡ ತಲೆನೋವು. ನಮ್ಮ ಡೇಟಾಬೇಸಿನಲ್ಲಿ "ಡಲ್ಲಾಸ್, ರಾತ್ರಿ ಎಂಟು" ಅಂತ ಮಾತ್ರ ಇದೆ. ಇಟ್ಟವರ ಮನಸ್ಸಿನಲ್ಲಿ ಇದ್ದದ್ದು ತಾಯಿಯ ಬೆಳಿಗ್ಗೆಯೋ, ತಾವು ಊಟ ಮುಗಿಸಿ ಫೋನ್ ಮಾಡುವ ಹೊತ್ತೋ? ಯಾವ ಲೆಕ್ಕದಿಂದಲೂ ಅದನ್ನು ವಾಪಸ್ ತೆಗೆಯಲಾಗದು. ಒಬ್ಬೊಬ್ಬರಿಗೂ ಮೆಸೇಜ್ ಕಳಿಸಿ ಕೇಳಿದೆವು. ಉತ್ತರಿಸದವರೂ ಇದ್ದಾರೆ. ಅವರ ಮನೆಯಲ್ಲಿ ಯಾರು ಚಾ ಬಿಟ್ಟು ಕಾದರೋ ಅಂತ ನನಗೆ ಈಗಲೂ ಅನ್ನಿಸುತ್ತದೆ.

2025ರ ಮಾರ್ಚ್ 9, ಭಾನುವಾರ, ಅಮೆರಿಕದ ಗಡಿಯಾರ ಮತ್ತೆ ಮುಂದಕ್ಕೆ ಹೋಯಿತು. ಸೋಮವಾರ ಬೆಳಿಗ್ಗೆ ಏಳೂವರೆಗೆ ಬೆಂಗಳೂರಿನಿಂದ ಅವ್ವನಿಗೆ ಫೋನ್ ಮಾಡಿದೆ.

"ಗುಳಿಗಿ?"

"ಆವಾಗ್ಲೇ ಆಯ್ತು, ಆರೂವರಿಗೆ. ಈಗ ಚಾ ಕುಡಿಲಾಕತ್ತೀನಿ." ಒಂದು ಗುಟುಕಿನ ಸದ್ದು ಕೇಳಿಸಿತು. "ಅಲ್ಲೋ, ಮೇ ತಿಂಗಳಾಗ ಅಕ್ಕನ ಕಡಿಗೆ ಹೋಗ್ತೀನಲ್ಲ, ಅಲ್ಲಿ ಯಾವಾಗ ಹೊಡೀತದ ಇದು?"

ಅದನ್ನು ನಾವಿನ್ನೂ ಬರೆದಿಲ್ಲ.